ತಟ್ಟಿ ನೋಡಿ ಕಳಿಸಿದ ಮನೆಗಾಡಿ

ಕೊಲ್ಬೆಕ್, ಸ್ವೀಡನ್
14 ಸೆಪ್ಟೆಂಬರ್ 1990

ಸಿಕ್ಸ್ಟೆನ್,

ಗಾಡಿ ಬಂತು. ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ.

"ಹೊರಮೈಗೆ ಒಂದು ಹನಿ ಬಣ್ಣ ತಾಗಿಲ್ಲ ಅಕ್ಕ, ಅಪ್ಪಟ ಅಲ್ಯುಮಿನಿಯಂ, ಉಜ್ಜಿದರೆ ಕನ್ನಡಿ" ಎಂದು ಬರೆದವನು ನೀನೇ ತಾನೆ? ಬಂದರಿನಿಂದ ಲಾರಿಯೇರಿ ಬಂದು ನನ್ನ ಶೆಡ್ಡಿನ ಮುಂದೆ ಇಳಿದದ್ದು ನೆತ್ತಿಯಿಂದ ಗಾಲಿಯವರೆಗೆ ಬೆಳ್ಳಿ ಬಣ್ಣ ಸಿಂಪಡಿಸಿಕೊಂಡ ಗಾಡಿ. ನಿಮ್ಮ ಅಮೆರಿಕದವರು ದನದ ಕೊಟ್ಟಿಗೆಯ ತಗಡಿಗೆ ಹೊಡೆಯುತ್ತಾರಲ್ಲ, ಅದೇ ಬಣ್ಣ. ಹುಟ್ಟಿದ ಕೂಸು ಕಣ್ಣು ಬಿಟ್ಟರೆ ಮೊದಲು ಅದನ್ನೇ ನೋಡುತ್ತದೆ. ನಿನಗೆ ಕಾಣಲಿಲ್ಲವೆ?

ಮೂರು ವಾರದಿಂದ ಬಣ್ಣ ಕೀಳುವ ದ್ರಾವಣ ಬಳಿಯುತ್ತಿದ್ದೇನೆ, ಕೆರೆಯುತ್ತಿದ್ದೇನೆ. ತಗಡು ಬಿಗಿದ ಒಂದೊಂದು ರಿವೆಟ್ಟಿನ ತಲೆಯ ಸುತ್ತಲೂ ಹಲ್ಲುಜ್ಜುವ ಬ್ರಷ್ಷು ಹಾಕಿ ತಿಕ್ಕಬೇಕು. ನನಗೆ ಎಪ್ಪತ್ತಮೂರು ವರ್ಷ ಕಣೋ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ತಗಡಿನ ಕೆಲಸಕ್ಕೆ ಸೇರಿದವಳು, ಅಂದಿನಿಂದ ಇಂದಿನವರೆಗೆ ಇಷ್ಟು ಬೇಸರದ ಕೆಲಸ ಮಾಡಿಲ್ಲ.

ಗಿರಾಕಿ ಯಾರ್ಲ್ ಬಂದು ನೋಡಿದ. ತಲೆಗೆ ಎಣ್ಣೆ ಬಳಿದುಕೊಂಡು, ಐವತ್ತೇಳರ ಶೆವ್ರೊಲೆ ಕಾರಿನಲ್ಲಿ ಊರೆಲ್ಲ ಸುತ್ತುತ್ತಾನಲ್ಲ, ಅವನು. "ಏನ್ ಗುನ್ವೋರಕ್ಕಾ, ಕೋಳಿಗೂಡು ತರಿಸಿದ್ದೀರಾ? ನನ್ನ ಕಾರಿಗೆ ಇದನ್ನ ಕಟ್ಕೊಂಡು ಹೋದ್ರೆ ಮಂದಿ ಮೊಟ್ಟೆ ಕೇಳ್ತಾರೆ!" ಎಂದ. ಬಾಯಿಗೆ ಬಂದದ್ದು ಅಂದು ಕಳಿಸಿದೆ. ಆದರೆ ಅವನು ಹೇಳಿದ್ದು ನಿಜ.

ಎಂಟು ವರ್ಷದಿಂದ ನಾವಿಬ್ಬರೂ ಈ ಕೆಲಸ ಮಾಡುತ್ತಿದ್ದೇವೆ. ಅಲ್ಲಿನ ಹೊಲಗದ್ದೆಗಳ ಮೂಲೆಯಲ್ಲಿ ಬಿದ್ದಿರುವ, ಕಾರಿಗೆ ಕಟ್ಟಿ ಎಳೆಯುವ ಹಳೇ ಮನೆಗಾಡಿಗಳನ್ನು ನೀನು ಹುಡುಕುವುದು, ಇಲ್ಲಿ ನಾನು ಬಿಚ್ಚಿ, ಕಟ್ಟಿ, ಹೊಳಪು ಕೊಡುವುದು. ನೀನು ಕಂಡದ್ದನ್ನು ಬರೆಯುತ್ತೀಯ, ನಾನು ನಂಬುತ್ತೇನೆ. ಅಷ್ಟರ ಮೇಲೆ ನಿಂತಿರುವ ವ್ಯಾಪಾರ ಇದು. ಇನ್ನೊಂದು ಸಲ ಹೀಗಾದರೆ ನಿನ್ನ ಸಹವಾಸ ಬೇಡ. ಹಾಲೆಂಡಿನಲ್ಲಿ ಒಬ್ಬ ವ್ಯಾಪಾರಿ ಇದ್ದಾನೆ, ಗಾಡಿಯನ್ನು ಬಾಗಿಲಿಗೇ ತಂದು ತೋರಿಸುತ್ತಾನೆ. ಅವನಿಂದ ಕೊಳ್ಳುತ್ತೇನೆ.

ಮುಂದಿನ ಗಾಡಿಯ ಫೋಟೋ ಕಳಿಸು. ನಾಲ್ಕು ಕಡೆಯಿಂದಲೂ ತೆಗೆಸು.

ಫೋನು ಮಾಡಬೇಡ. ಫೋನಿನಲ್ಲಿ ಬೈದರೆ ನಿಮಿಷಕ್ಕಿಷ್ಟು ಅಂತ ಬಿಲ್ಲು ಬರುತ್ತದೆ. ಕಾಗದದಲ್ಲಿ ಎಷ್ಟು ಬೈದರೂ ಒಂದೇ ಅಂಚೆಚೀಟಿ.

ಗುನ್ವೋರ್

*

ವಿಲ್ಮರ್, ಮಿನ್ನೆಸೋಟಾ
5 ಅಕ್ಟೋಬರ್ 1990

ಪ್ರೀತಿಯ ಅಕ್ಕ,

ನಿನ್ನ ಕಾಗದ ಬಂತು. ಲಕೋಟೆ ಬಿಸಿಯಿತ್ತು.

ತಪ್ಪಾಯಿತು. ಆ ಗಾಡಿ ನಿಂತಿದ್ದ ಕೊಟ್ಟಿಗೆಯಲ್ಲಿ ಬೆಳಕು ಸರಿಯಿರಲಿಲ್ಲ. ಕೈಯಾಡಿಸಿ ನೋಡಿದೆ, ನುಣ್ಣಗಿತ್ತು, ಬಣ್ಣವಿಲ್ಲ ಅಂದುಕೊಂಡೆ. ಅದು ಬಿಡು. ಅದರ ನೆಲ ಹೇಗಿತ್ತು? ಅಡಿಯ ಕಬ್ಬಿಣದ ಚಾಸಿ ಹೇಗಿತ್ತು? ಒಂದು ಮಾತೂ ಬರೆದಿಲ್ಲ ನೀನು. ಬರೆದಿಲ್ಲ ಅಂದರೆ ಚೆನ್ನಾಗಿತ್ತು ಅಂತ ಅರ್ಥ. ನಿನ್ನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ.

ಈಗ ಸಿಕ್ಕಿರುವುದನ್ನು ಕೇಳು. ನೆಬ್ರಾಸ್ಕಾದ ಪಶ್ಚಿಮದ ಅಂಚಿನಲ್ಲಿ, ಮಳೆ ಅಪರೂಪದ ಸೀಮೆಯಲ್ಲಿ, ಒಬ್ಬ ರೈತನ ಹುಲ್ಲುಮೆದೆಯ ಹಿಂದೆ ನಿಂತಿದೆ. ಐವತ್ತೆಂಟರದ್ದು. ಗೋಡೆ ತಟ್ಟಿದೆ, ಗಂಟೆಯ ಹಾಗೆ ನುಡಿಯಿತು. ನೆಲದ ಮೇಲೆ ಬಾಗಿಲಿನಿಂದ ಹಿಂಬದಿಯವರೆಗೆ ಹಿಮ್ಮಡಿ ಊರುತ್ತ ನಡೆದೆ, ಎಲ್ಲೂ ಕುಸಿಯಲಿಲ್ಲ. ಇಲಿಯ ವಾಸನೆ ಇಲ್ಲ, ಬರೀ ಒಣ ಹುಲ್ಲು ಮತ್ತು ಯಾವುದೋ ಕಾಲದ ಕಾಫಿಯ ವಾಸನೆ. ಬೀರುವಿನ ಬಾಗಿಲು ಹಾಕಿದರೆ "ಟಕ್" ಅಂತ ಒಂದೇ ಸದ್ದು, ಗಡಗಡ ಇಲ್ಲ. ಹಿಂದಿನ ಬಂಪರಿನ ಮೇಲೆ ಹತ್ತಿ ಕುಣಿದೆ, ಮೈ ಚಾಸಿಯಿಂದ ಬಿಟ್ಟುಕೊಂಡಿಲ್ಲ, ಎರಡೂ ಒಟ್ಟಿಗೇ ಅಲುಗಿದವು.

ರೈತ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದ: "ಏನಜ್ಜಾ, ಗಾಡಿ ಕೊಳ್ಳೋಕೆ ಬಂದ್ಯಾ, ಔಷಧಿ ಕೊಡೋಕೆ ಬಂದ್ಯಾ? ಡಾಕ್ಟ್ರ ಥರ ಕಿವಿ ಇಟ್ಕೊಂಡು ಕೇಳ್ತಿದ್ದೀಯಲ್ಲ!"

"ಕೆಮ್ಮು ಏನಾದ್ರೂ ಇದ್ಯಾ ಅಂತ ನೋಡ್ತಿದೀನಿ" ಅಂದೆ.

ದೂರದ ದಾರಿ. ನನ್ನ ವಾಹನ ಓಡಿಸುವುದು ಈಗ ಲುವೆಲ್ಲಾ. ನಮ್ಮ ಬೀದಿಯವಳೇ, ಗಂಡ ತೀರಿಕೊಂಡಿದ್ದಾನೆ, ಬಹಳ ಕಾಲ ಶಾಲೆಯ ಬಸ್ಸು ಓಡಿಸಿದವಳು. ನನ್ನ ಲೈಸನ್ಸು ಹೊಸದು ಮಾಡಿಸಬೇಕು, ಕಚೇರಿಯವರು ಏನೇನೋ ಕೇಳುತ್ತಾರೆ. ಅವಳಿದ್ದರೆ ನನಗೂ ಮಾತಿಗೆ ಜನ.

ಕ್ಯಾಮೆರಾ ರಿಪೇರಿಗೆ ಕೊಟ್ಟಿದ್ದೇನೆ. ಫೋಟೋ ಆಮೇಲೆ.

ಈ ಗಾಡಿ ನಿನಗೆ ಹಿಡಿಸುತ್ತದೆ. ನನ್ನ ಮಾತು ನಂಬು.

ನಿನ್ನ ತಮ್ಮ,
ಸಿಕ್ಸ್ಟೆನ್

*

ಕೊಲ್ಬೆಕ್
24 ಅಕ್ಟೋಬರ್ 1990

ಸಿಕ್ಸ್ಟೆನ್,

ಈಗ ಗೊತ್ತಾಯಿತು.

ನಾನೂ ಯೋಚಿಸುತ್ತಿದ್ದೆ, ಎಂಟು ವರ್ಷ ಸರಿಯಾಗಿ ನೋಡಿ ಕಳಿಸುತ್ತಿದ್ದ ಗಂಡಸು ಇದ್ದಕ್ಕಿದ್ದಂತೆ ಬೆಳ್ಳಿ ಬಣ್ಣಕ್ಕೂ ಬರೀ ಲೋಹಕ್ಕೂ ವ್ಯತ್ಯಾಸ ತಿಳಿಯದ ಹಾಗೆ ಹೇಗಾದ ಅಂತ. ಪಕ್ಕದಲ್ಲಿ ಒಬ್ಬಳು ವಿಧವೆ ಕೂತಿದ್ದರೆ ಗಾಡಿಯನ್ನು ನೋಡುವವರು ಯಾರು? ಅರವತ್ತಾರು ವರ್ಷಕ್ಕೆ ಈ ಚಪಲ! ಸ್ಟೇರಿಂಗನ್ನೂ ಅವಳ ಕೈಗೆ ಕೊಟ್ಟು, ನೀನು ಪಕ್ಕದಲ್ಲಿ ಮದುಮಗನ ಹಾಗೆ ಕೂತುಕೊಂಡು ಹೋಗುತ್ತೀಯಾ? ಅಪ್ಪ ಇದ್ದಿದ್ದರೆ ಬಾರುಕೋಲು ತೆಗೆಯುತ್ತಿದ್ದ.

ಬಸ್ಸು ಓಡಿಸಿದವಳಂತೆ. ಊರಿನ ಮಕ್ಕಳನ್ನೆಲ್ಲ ಹತ್ತಿಸಿ ಇಳಿಸಿದ ಮೇಲೆ ಈಗ ನಿನ್ನನ್ನು ಹತ್ತಿಸಿಕೊಂಡಿದ್ದಾಳೆ. ಎಲ್ಲಿ ಇಳಿಸುತ್ತಾಳೋ ನೋಡಿಕೋ.

ನಿನ್ನ ಕೈಬರಹವನ್ನೂ ನೋಡಿದೆ. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿಕೊಂಡಿದೆ, ಸಂತೆ ಮುಗಿಸಿದ ಕುಡುಕರ ಹಾಗೆ. ಕುಡಿಯುತ್ತಿದ್ದೀಯಾ? ಕುಡಿದರೂ ಬರೆಯುವಾಗ ಕುಡಿಯಬೇಡ. ನಿನ್ನ ಅಕ್ಷರ ಬಿಡಿಸಲು ಎರಡು ಸಲ ಕನ್ನಡಕ ಒರೆಸಿಕೊಂಡೆ.

ಗಾಡಿ ಕಳಿಸು. ನೆಲ ಗಟ್ಟಿ ಅಂದಿದ್ದೀಯ, ಮೈ ಬಿಟ್ಟುಕೊಂಡಿಲ್ಲ ಅಂದಿದ್ದೀಯ, ಅದಕ್ಕೆ ಕೊಳ್ಳುತ್ತೇನೆ. ಆ ಬೆಳ್ಳಿ ಬಣ್ಣದ ಪೀಡೆಯ ನೆಲವೂ ಗಟ್ಟಿಯಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಫೋಟೋ ಬರಲೇಬೇಕು. ಆ ಹೆಂಗಸಿನ ಫೋಟೋ ಅಲ್ಲ, ಗಾಡಿಯದ್ದು.

ಇದು ಕೊನೆಯ ಅವಕಾಶ. ನನ್ನದು ಅನ್ನುವುದೊಂದು ಮಾಡುವುದೊಂದು ಅಲ್ಲ, ನಿನಗೆ ಗೊತ್ತು.

ಗುನ್ವೋರ್

*

ವಿಲ್ಮರ್
18 ನವೆಂಬರ್ 1990

ಅಕ್ಕ,

ಗಾಡಿ ರೈಲು ಹತ್ತಿತು, ಅಲ್ಲಿಂದ ಹಡಗು. ಕ್ರಿಸ್‌ಮಸ್ ಕಳೆದ ಮೇಲೆ ನಿನ್ನ ಬಾಗಿಲಿಗೆ.

ನಾನು ಕುಡಿಯುವುದಿಲ್ಲ. ಸಾಲು ಸರಿಯಿಲ್ಲದಿದ್ದರೆ ಮೇಜು ಅಲ್ಲಾಡುತ್ತದೆ ಅಂದುಕೋ. ಈ ಸಲ ಅಡಿಪಟ್ಟಿ ಇಟ್ಟುಕೊಂಡು ಬರೆಯುತ್ತಿದ್ದೇನೆ, ನೇರವಾಗಿ ಬಂದಿರಬೇಕು.

ಲುವೆಲ್ಲಾಳ ಬಗ್ಗೆ ನೀನು ಬರೆದದ್ದು ಸರಿಯಲ್ಲ. ಒಳ್ಳೆಯ ಹೆಂಗಸು. ಅವಳ ಅಜ್ಜಿ ನಮ್ಮ ದೇಶದಿಂದ ಇಲ್ಲಿಗೆ ಬಂದವಳು. ಆ ಅಜ್ಜಿ ಕಲಿಸಿದ ಸ್ವೀಡಿಷ್ ಅವಳಿಗೆ ಇನ್ನೂ ಓದಲು ಬರುತ್ತದೆ, ಉಚ್ಚಾರ ಮಾತ್ರ ಪಾದ್ರಿಯದು. ನಿನ್ನ ಕಾಗದ ಬಂದ ದಿನ ಅವಳು ನನ್ನ ಅಡುಗೆಮನೆಯಲ್ಲೇ ಇದ್ದಳು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಯಾಕೆ ಅಂತ ನಾನು ಹೇಳುವುದಿಲ್ಲ.

ಗಾಡಿಯ ಪಕ್ಕೆ, ಬೆನ್ನು ಎರಡೂ ಚರ್ಚಿನ ಗೋಡೆಯ ಹಾಗೆ ಶುಭ್ರವಾಗಿವೆ. ಈ ಸಲ ಬಿಸಿಲಲ್ಲಿ, ಹೊರಗೆ ನಿಲ್ಲಿಸಿಕೊಂಡು ನೋಡಿದೆ. ಬೆನ್ನಿನ ಮೇಲೆ ಎಂಥಾ ನುಣುಪು! ಬಣ್ಣ ಸಿಂಪಡಿಸಿಲ್ಲ, ಉಗುರಲ್ಲಿ ಕೆರೆದು ನೋಡಿದ್ದೇನೆ, ಒಂದು ಕಡೆಯಲ್ಲ, ಹಲವು ಕಡೆ.

ಫೋಟೋ ಇದರಲ್ಲಿ ಇಟ್ಟಿದ್ದೇನೆ. ನಾಲ್ಕೂ ಕಡೆಯದ್ದು, ನೀನು ಹೇಳಿದ ಹಾಗೆ.

ನಿನ್ನ ಆರೋಗ್ಯ ಹೇಗಿದೆ? ಒಂದು ಸಲವೂ ಬರೆಯುವುದಿಲ್ಲ ನೀನು.

ಸಿಕ್ಸ್ಟೆನ್

*

ಕೊಲ್ಬೆಕ್
21 ಜನವರಿ 1991

ಸಿಕ್ಸ್ಟೆನ್,

ಮೊದಲು ಫೋಟೋದ ವಿಷಯ. ನಾಲ್ಕು ಫೋಟೋ ಬಂದವು. ನಾಲ್ಕರಲ್ಲೂ ಒಂದು ಮಗುವಿನ ನಾಮಕರಣ. ಒಂದರಲ್ಲಿ ಮಗು ಅಳುತ್ತಿದೆ, ಒಂದರಲ್ಲಿ ಪಾದ್ರಿ ಸೀನುತ್ತಿದ್ದಾನೆ. ಹೊಟ್ಟೆ ಉರಿಸಲೆಂದೇ ಕಳಿಸಿದೆಯಾ?

ಆಗಲೇ ಉತ್ತರ ಬರೆಯಬೇಕಿತ್ತು. ಡಿಸೆಂಬರಿನಲ್ಲಿ ಬೇರೆ ತಾಪತ್ರಯ ಇತ್ತು. ಅದು ನಿನಗೆ ಬೇಡ.

ಈಗ ಗಾಡಿಯ ವಿಷಯ. ಭಾನುವಾರ ಬಂತು. ಲಾರಿಯವನಿಗೆ ಬೇರೆ ದಿನ ಸಿಗಲಿಲ್ಲ. ಚರ್ಚು ಬಿಡುವ ಹೊತ್ತಿಗೆ ಸರಿಯಾಗಿ, ಊರಿನ ದೊಡ್ಡ ಬೀದಿಯಲ್ಲಿ, ಹಿಂಬದಿಯನ್ನು ಜನರ ಕಡೆ ಮಾಡಿಕೊಂಡು ಬಂತು. ಆ ಹಿಂಬದಿಯ ಮೇಲೆ ಏನಿದೆ ಗೊತ್ತೆ? ಒಬ್ಬಳು ಹೆಂಗಸು. ನನಗಿಂತ ಎತ್ತರ. ಈಜುವ ಬಟ್ಟೆ ಹಾಕಿದ್ದಾಳೆ ಅನ್ನಬೇಕು, ಬಟ್ಟೆಗಿಂತ ಹೆಂಗಸೇ ಜಾಸ್ತಿ. ಒಂದು ಮೀನಿನ ಮೇಲೆ ಸವಾರಿ ಕೂತು ಕಣ್ಣು ಹೊಡೆಯುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರ. ಪಾದ್ರಿಗೆ ಇಂಗ್ಲಿಷ್ ಬರುತ್ತದೆ, ಜೋರಾಗಿ ಓದಿದರು: "ಜೀವಂತ ಹುಳ ಇಲ್ಲಿ ಸಿಗುತ್ತದೆ." ಯಾವುದೋ ಕೆರೆಯ ದಂಡೆಯಲ್ಲಿ ಗಾಳದ ಹುಳ ಮಾರುತ್ತಿದ್ದ ಗಾಡಿ!

ಪಾದ್ರಿ ನನ್ನನ್ನು ನೋಡಿ, "ಏನ್ ಗುನ್ವೋರ್, ಈ ವಯಸ್ಸಲ್ಲಿ ಹೊಸ ವ್ಯಾಪಾರ ಶುರು ಮಾಡಿದ್ರಾ?" ಎಂದರು. ಅವರ ಹೆಂಡತಿ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡಳು. ಆಮೇಲೆ ಸ್ವಲ್ಪ ಎತ್ತಿ ನೋಡಿದಳು, ಅದನ್ನೂ ಕಂಡೆ.

ಚರ್ಚಿನ ಗೋಡೆಯಂತೆ ಶುಭ್ರ! ಬಿಸಿಲಲ್ಲಿ ನಿಲ್ಲಿಸಿಕೊಂಡು ನೋಡಿದೆಯಂತೆ! ನನ್ನ ಕಣ್ಣಿಗೆ ಮಣ್ಣೆರಚಲು ಇನ್ನು ಯಾರೂ ಸಿಗಲಿಲ್ಲವೆ ನಿನಗೆ?

ನೆಲ ಗಟ್ಟಿಯಾಗಿದೆ. ಮೈ ಗಟ್ಟಿಯಾಗಿದೆ. ನ್ಯಾಯವಾಗಿ ಹೇಳಬೇಕಾದ್ದು ಹೇಳಿದೆ. ಆದರೆ ಸುಳ್ಳು ಬರೆಯುವವನ ಜೊತೆ ನಾನು ಕೆಲಸ ಮಾಡುವುದಿಲ್ಲ. ಹಾಲೆಂಡಿನವನಿಗೆ ಕಾಗದ ಹಾಕಿದ್ದೇನೆ. ಇನ್ನು ನೀನು ಗಾಡಿ ಹುಡುಕಬೇಡ. ಆ ಹೆಂಗಸಿನ ಜೊತೆ ಸುತ್ತಿಕೊಂಡಿರು.

ಗುನ್ವೋರ್

*

ವಿಲ್ಮರ್
10 ಫೆಬ್ರವರಿ 1991

ಅಕ್ಕ,

ಆಗಲಿ. ನಿನ್ನಿಷ್ಟ.

ಸುಳ್ಳು ಬರೆಯಲಿಲ್ಲ. ಆ ಚಿತ್ರ ನನಗೆ ಗೊತ್ತಿರಲಿಲ್ಲ. ಇಷ್ಟೇ ಹೇಳಬಲ್ಲೆ.

ವಯೋಮಿಂಗಿನಲ್ಲಿ ಒಂದು ಗಾಡಿ ನೋಡಿಟ್ಟಿದ್ದೆ, ಐವತ್ತನಾಲ್ಕರದ್ದು. ಅದರ ಒಡತಿ ಒಬ್ಬ ಮುದುಕಿ, ನಮಗೆ ಬೇಡ ಎಂದು ಅವಳಿಗೆ ಹೇಳಿ ಕಳಿಸುತ್ತೇನೆ. ಎಂಟು ವರ್ಷ ಚೆನ್ನಾಗಿತ್ತು.

ಸಿಕ್ಸ್ಟೆನ್

ಗುನ್ವೋರ್ ಅವರೇ, ಈ ಕೆಳಗಿನದನ್ನು ಬರೆಯುತ್ತಿರುವವಳು ಆ ಹೆಂಗಸು. ನಿಮ್ಮ ತಮ್ಮ ರುಜು ಹಾಕಿ, ಅಂಚೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟಿದ್ದಾರೆ. ನಾನು ಇಲ್ಲಿ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಎದುರಿಗೇ ಕೂತಿದ್ದಾರೆ, ಆದರೂ ಗೊತ್ತಿಲ್ಲ. ಅದೇ ವಿಷಯ.

ಅವರಿಗೆ ಕಣ್ಣು ಹೋಗಿದೆ. ಪೂರ್ತಿ ಅಲ್ಲ. ನೋಡಬೇಕೆಂದ ಕಡೆ ಕಪ್ಪು, ಅದರ ಸುತ್ತ ಸ್ವಲ್ಪ ಮಂಜು ಮಂಜು. ಹೋದ ವರ್ಷದ ವಸಂತದಲ್ಲಿ ಶುರುವಾಯಿತು, ವಾಸಿಯಾಗುವುದಿಲ್ಲ ಎಂದಿದ್ದಾರೆ ಡಾಕ್ಟರು. ನನಗೆ ಹೇಳಿದ್ದು "ಸಣ್ಣ ಅಕ್ಷರ ಕಾಣಲ್ಲ" ಅಂತ ಅಷ್ಟೇ. ಹಾಗಾಗಿ ನಿಮ್ಮ ಕಾಗದಗಳನ್ನು ಓದಿ ಹೇಳುವವಳು ನಾನು. ನನ್ನ ಬಗ್ಗೆ ನೀವು ಬರೆದದ್ದನ್ನೂ ನಾನೇ ಜೋರಾಗಿ ಓದಿದೆ. ಮಕ್ಕಳನ್ನು ಹತ್ತಿಸಿ ಇಳಿಸಿದ ಆ ಸಾಲನ್ನು ಎರಡು ಸಲ ಓದಬೇಕಾಯಿತು, ಅವರಿಗೆ ಸರಿಯಾಗಿ ಕೇಳಿಸಲಿಲ್ಲವಂತೆ.

ನೆಬ್ರಾಸ್ಕಾದಲ್ಲಿ ಆ ಚಿತ್ರ ನಾನು ನೋಡಿದೆ. ಇವರು ಅದರ ಮುಂದೆ ನಿಂತು, ಅವಳ ತೊಡೆಯ ಮೇಲೆ ಕೈಯಾಡಿಸುತ್ತ, "ಆಹಾ ಲುವೆಲ್ಲಾ, ಎಂಥಾ ನುಣುಪು ನೋಡು!" ಅನ್ನುತ್ತಿದ್ದರು. ನಾನು ಚರ್ಚಿಗೆ ಹೋಗುವವಳು. ನಾಚಿಕೆಯಾಗಿ ಹೋಗಿ ವಾಹನದಲ್ಲಿ ಕೂತೆ. ಇಂಥವನ ಜೊತೆ ಇಷ್ಟು ದೂರ ಬಂದೆನಲ್ಲ ಅಂದುಕೊಂಡೆ. ನಿಮ್ಮ ಕಾಗದ ಓದುವಾಗ ಅವರ ಮುಖ ಬಿಳಿಚಿಕೊಂಡಿತು. "ಯಾವ ಹೆಂಗಸು? ಎಲ್ಲಿದ್ಳು?" ಎಂದರು. ಆಗ ಅರ್ಥವಾಯಿತು ನನಗೆ.

ನಿಮಗೆ ಹೇಳಬೇಡ ಎಂದು ಪ್ರಮಾಣ ಮಾಡಿಸಿಕೊಂಡಿದ್ದಾರೆ. "ಕಣ್ಣಿಲ್ಲ ಅಂದ್ರೆ ನನ್ನಿಂದ ಗಾಡಿ ಯಾಕೆ ಕೊಳ್ತಾಳೆ? ಅಯ್ಯೋ ಪಾಪ ಅಂತ ಕೊಳ್ತಾಳೆ. ಅದು ನಂಗೆ ಬೇಡ" ಅನ್ನುತ್ತಾರೆ. ನಾನು ಹೇಳಲಿಲ್ಲ, ಬರೆದಿದ್ದೇನೆ.

ಲುವೆಲ್ಲಾ ಬ್ಯೋರ್ಕ್‌ಲುಂಡ್

*

ಕೊಲ್ಬೆಕ್
8 ಏಪ್ರಿಲ್ 1991

ಸಿಕ್ಸ್ಟೆನ್,

ಎರಡು ತಿಂಗಳು ಉತ್ತರ ಬರಲಿಲ್ಲ ಅಂತ ಗೂಡು ಕಟ್ಟಿಕೊಂಡು ಕೂತಿದ್ದೀಯಾ? "ಎಂಟು ವರ್ಷ ಚೆನ್ನಾಗಿತ್ತು" ಅಂತೆ. ಸತ್ತವರ ಬಗ್ಗೆ ಬರೆದ ಹಾಗೆ. ನಾನು ಬೇಡ ಅಂದ ಕೂಡಲೇ ನೀನು ಆಗಲಿ ಅನ್ನುವುದೆ? ಚಿಕ್ಕಂದಿನಲ್ಲಿ ಕಟ್ಟಿಗೆ ಒಡೆಯುವ ಕೊಡಲಿ ಕೊಡೋ ಅಂದರೆ ಅರ್ಧ ದಿನ ಜಗಳ ಕಾಯುತ್ತಿದ್ದೆ. ಈಗ ಒಂದು ಬೈಗುಳಕ್ಕೆ ಮಡಚಿಕೊಂಡೆಯಲ್ಲ, ಗೂಬೆ.

ಲುವೆಲ್ಲಾ, ಇಲ್ಲಿಂದ ಮುಂದಿನದನ್ನು ಜೋರಾಗಿ ಓದಬೇಡ. ಮಗ್ಗಲು ಬದಲಿಸು, ಕೆಮ್ಮು, ಏನಾದರೂ ಮಾಡು. ನಿನ್ನ ಬರಹ ಓದಿದೆ. ಮಡಚಿ ಸಕ್ಕರೆ ಡಬ್ಬದ ಕೆಳಗಿಟ್ಟೆ. ಬೈಯುವುದು ನನಗೆ ಗೊತ್ತು, ಇದಕ್ಕೆ ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ, ಅದಕ್ಕೆ ಇಷ್ಟು ದಿನ. ನಾನು ಮೆತ್ತಗೆ ಬರೆದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ಹಾಗಾಗಿ ಬೈದೇ ಬರೆಯುತ್ತೇನೆ, ನೀನೂ ಬೈಗುಳದ ಹಾಗೇ ಓದು, ಪಾದ್ರಿಯ ಹಾಗೆ ಓದಬೇಡ. ಆ ಬಸ್ಸಿನ ಮಾತು ಬರೆಯಬಾರದಿತ್ತು. ಅದಕ್ಕಿಂತ ಹೆಚ್ಚು ನನ್ನ ಬಾಯಲ್ಲಿ ಬರುವುದಿಲ್ಲ. ಈಗ ಮತ್ತೆ ಜೋರಾಗಿ ಓದು.

ಆ ಮೀನಿನ ಹೆಂಗಸಿನ ಸುದ್ದಿ ಕೇಳು. ಉಜ್ಜಿ ಅಳಿಸಲು ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಯಾರ್ಲ್ ಓಡಿ ಬಂದು ಎರಡೂ ಕೈ ಅಡ್ಡ ಹಿಡಿದ. "ಅಕ್ಕಾ, ಅವಳನ್ನ ಮುಟ್ಟಿದ್ರೆ ನೋಡಿ! ಅವಳಿಲ್ದೆ ಹೋದ್ರೆ ಈ ಗಾಡಿ ನಂಗೆ ಬೇಡ್ವೇ ಬೇಡ!" ಈಗ ಅವಳು ಅವನ ಶೆವ್ರೊಲೆ ಹಿಂದೆ ಕಣ್ಣು ಹೊಡೆಯುತ್ತ ಊರೂರು ಸುತ್ತುತ್ತಿದ್ದಾಳೆ. ಎರಡು ಕಡೆಯಿಂದ ಗಿರಾಕಿಗಳು ಬಂದರು, "ಇಂಥಾದ್ದೇ ಬೇಕು, ಹೆಂಗಸಿನ ಸಮೇತ" ಅಂತ. ಜನಕ್ಕೆ ಬುದ್ಧಿ ಇಲ್ಲ.

ಇನ್ನು ಹಾಲೆಂಡಿನವನು. ಅವನು ಗಾಡಿ ತಂದು ನಿಲ್ಲಿಸಿದ. ಅಬ್ಬಾ, ಹೊಳಪು! ಅದರಲ್ಲಿ ನನ್ನ ಮುಖದ ಸುಕ್ಕುಗಳನ್ನೆಲ್ಲ ಕಂಡೆ. ಅಲ್ಲೇ ಕೈ ಕುಲುಕಿ ಕೊಂಡೆ. ಈಗ ಹಿಮ ಕರಗಿದೆ, ಒಳಗೆ ಹೋದರೆ ನೆಲಮಾಳಿಗೆಯ ವಾಸನೆ. ಮೇಲೆ ಥಳುಕು, ಒಳಗೆ ಹುಳುಕು. ಎಲ್ಲಿ ಕೊಳೆತಿದೆ ಅಂತ ತಿಳಿಯುತ್ತಿಲ್ಲ. ಒಳಗಿನ ಮರದ ಬೀರು, ಮಂಚ ಎಲ್ಲವೂ ಕಾರ್ಖಾನೆಯಿಂದ ಬಂದ ಹಾಗೇ ಇವೆ. ತಪ್ಪಾದ ಕಡೆ ಬಿಚ್ಚಿದರೆ ಮತ್ತೆ ಜೋಡಿಸಲಾಗದ ಹಾಗೆ ಸೀಳುತ್ತವೆ.

ನೀನು ಗಂಟೆ ನುಡಿಯಿತು, ಕೆಮ್ಮು ಕೇಳಿದೆ ಅಂತ ಜಂಬ ಕೊಚ್ಚುತ್ತೀಯಲ್ಲ. ಈಗ ತೋರಿಸು. ಯಾರ್ಲನ ಟೇಪ್ ರೆಕಾರ್ಡರ್ ತಂದು ನೆಲವನ್ನೆಲ್ಲ ಮರದ ಸುತ್ತಿಗೆಯಲ್ಲಿ ತಟ್ಟುತ್ತ ನಡೆದಿದ್ದೇನೆ. ಎಲ್ಲಿದ್ದೇನೆ ಅಂತ ಬಾಯಲ್ಲಿ ಹೇಳುತ್ತ ಹೋಗಿದ್ದೇನೆ. ಕ್ಯಾಸೆಟ್ ಇದರಲ್ಲಿದೆ. ಎಲ್ಲಿ ಬಿಚ್ಚಬೇಕು ಹೇಳು. ತಪ್ಪು ಹೇಳಿದರೆ ನಿಜವಾಗಿಯೂ ಇದೇ ಕೊನೆ.

ಗುನ್ವೋರ್

*

ವಿಲ್ಮರ್
27 ಏಪ್ರಿಲ್ 1991

ಅಕ್ಕ,

ಲುವೆಲ್ಲಾ ನಿನ್ನ ಕಾಗದ ಓದುತ್ತ ಮೊದಲ ಪುಟದ ಕೊನೆಯಲ್ಲಿ ಕೆಮ್ಮಿದಳು. ಆಮೇಲೆ ಮೂಗು ಒರೆಸಿಕೊಂಡಳು. ಬಸ್ಸು ಓಡಿಸಿದವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಏನಿತ್ತೇ ಅಲ್ಲಿ?" ಅಂದೆ.

"ಏನೂ ಇಲ್ಲ, ಶಾಯಿ ಚೆಲ್ಲಿದೆ" ಅಂದಳು.

"ನಮ್ಮಕ್ಕ ಶಾಯಿ ಚೆಲ್ಲೋಳಲ್ಲ. ಪೆನ್ಸಿಲ್ಲಲ್ಲಿ ಬರೀತಾಳೆ" ಅಂದೆ.

ಅಲ್ಲಿಗೆ ಮುಗಿಯಿತು ಅವಳ ಕಥೆ. ಕೂತು ಅತ್ತಳು, ಎಲ್ಲ ಹೇಳಿದಳು, ಆಮೇಲೆ ನನಗೇ ಬೈದಳು. ಹೇಗೂ ನನಗೆ ಅನುಮಾನ ಬಂದಿತ್ತು. ಕಣ್ಣಿರುವವನಿಗೆ ಯಾರಾದರೂ ಕ್ಯಾಸೆಟ್ ಕಳಿಸುತ್ತಾರೆಯೆ?

ಹಾಗಿದ್ದರೆ ನೇರವಾಗಿ ಮಾತಾಡೋಣ. ನನಗೆ ನಿನ್ನ ಮುಖ ಈಗ ಕಾಣುವುದಿಲ್ಲ, ಫೋಟೋದಲ್ಲೂ. ಹೇಳದೆ ಇದ್ದದ್ದು ತಪ್ಪು ಅಂತ ನೀನು ಅನ್ನಬಹುದು. ಅನ್ನು. ಆದರೆ ಕನಿಕರಕ್ಕೆ ಗಾಡಿ ಕೊಳ್ಳಬೇಡ. ಕೆಲಸಕ್ಕೆ ಬಂದರೆ ಮಾತ್ರ ಕೊಂಡುಕೋ. ಬರದಿದ್ದರೆ ನಾನು ಇಲ್ಲಿ ಮೀನು ಹಿಡಿದುಕೊಂಡು ಸುಖವಾಗಿರುತ್ತೇನೆ.

ಈಗ ಕ್ಯಾಸೆಟ್. ಹಲವು ಸಲ ಕೇಳಿದೆ. ಬಾಗಿಲಿನ ಹತ್ತಿರ ಗಟ್ಟಿ. ಒಲೆಯ ಮುಂದೆ ಗಟ್ಟಿ. ಮಂಚದ ಎಡಗಾಲಿನ ಹತ್ತಿರ ಸದ್ದು ಸ್ವಲ್ಪ ದಪ್ಪವಾಗುತ್ತದೆ, ಹಿಂದಿನ ಕಿಟಕಿಯ ಕೆಳಗೆ ಬಲಮೂಲೆಗೆ ಬರುವ ಹೊತ್ತಿಗೆ ಒಂದು ಏಟಿಗೆ ಎರಡು ಸದ್ದು. ಮೇಲಿನದು ಗಟ್ಟಿ, ಅದರಡಿಯಲ್ಲಿ ಇನ್ನೊಂದು, ಒದ್ದೆ ಕಂಬಳಿಗೆ ಹೊಡೆದ ಹಾಗೆ. ಅಲ್ಲಿ ಕೊಳೆತ ಹಲಗೆಯ ಮೇಲೇ ಹೊಸ ಪ್ಲೈವುಡ್ ಬಡಿದಿದ್ದಾನೆ ನಿನ್ನ ಹೊಳಪಿನ ಗೆಳೆಯ. ಮಂಚ ಮುಟ್ಟಬೇಡ, ಹಿಂದಿನ ಬಂಪರಿನ ಸಾಮಾನು ಪೆಟ್ಟಿಗೆ ಬಿಚ್ಚಿ ಹೊರಗಿನಿಂದ ಕೈ ಹಾಕು. ಬೀರುವಿನ ಹತ್ತಿರವೂ ಮೆತ್ತಗಿದೆ, ಅಲ್ಲಿಯೂ ನೋಡು.

ನೆಲದ ವಿಷಯ ಮುಗಿಯಿತು. ಕ್ಯಾಸೆಟ್ಟಿನಲ್ಲಿ ಇನ್ನೊಂದು ಸದ್ದಿದೆ. ನೀನು ಸುತ್ತಿಗೆ ತಟ್ಟುತ್ತೀಯ, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಆಮೇಲೆ ಕೋಲು ಊರಿದ ಸದ್ದು. ಮತ್ತೆ ಸುತ್ತಿಗೆ. ಬಲಗಾಲು ಎಳೆದು ಹಾಕುತ್ತೀಯ. ಬಗ್ಗಿ ಏಳುವಾಗ ಉಸಿರು ಕಟ್ಟುತ್ತದೆ, "ಒಲೆ" ಅನ್ನುವ ಮುಂಚೆ ನಿಲ್ಲುತ್ತೀಯ.

ಕೋಲು ಹಿಡಿದದ್ದು ಯಾವಾಗಿನಿಂದ ಅಕ್ಕ? ಡಿಸೆಂಬರಿನ ತಾಪತ್ರಯ ಅಂದೆಯಲ್ಲ, ಅದೇನು?

ಸಿಕ್ಸ್ಟೆನ್

*

ಕೊಲ್ಬೆಕ್
16 ಮೇ 1991

ಸಿಕ್ಸ್ಟೆನ್, ಲುವೆಲ್ಲಾ,

ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ, ಕೆಮ್ಮುವ ಕೆಲಸ ಇಲ್ಲ.

ಬಂಪರಿನ ಪೆಟ್ಟಿಗೆ ಬಿಚ್ಚಿದೆ. ಕೈ ಹಾಕಿದೆ. ಮೇಲೆ ಹೊಸ ಹಲಗೆ, ಕೆಳಗೆ ಗಂಜಿ. ಮೊಣಕೈವರೆಗೆ ಹೋಯಿತು. ನೀನು ಹೇಳಿದ ಮೂಲೆಯೇ, ಅಂಗೈಯಷ್ಟೂ ಆಚೀಚೆ ಇಲ್ಲ. ಮಂಚ ಅಲುಗಿಸದೆ ಹೊರಗಿನಿಂದಲೇ ಕೊಯ್ದು ತೆಗೆದೆ, ಬೇರೆ ಹಲಗೆ ಹಾಕಿದ್ದಾಯಿತು.

ಬೀರುವಿನ ಹತ್ತಿರ ನೀನು ಹೇಳಿದ್ದು ತಪ್ಪು. ಅಲ್ಲಿ ನೆಲ ಕಲ್ಲಿನ ಹಾಗಿದೆ. ನಾನು ತಟ್ಟುವಾಗ ಅಲ್ಲಿ ಹಳೇ ಕಂಬಳಿ ಬಿದ್ದಿತ್ತು, ತೆಗೆದಿರಲಿಲ್ಲ. ಆದರೂ ತಪ್ಪು ತಪ್ಪೇ.

ಕನಿಕರ ಅಂತೆ. ನಾನು ಯಾರಿಗೆ ಯಾವಾಗ ಕನಿಕರ ತೋರಿಸಿದ್ದೇನೆ? ನನ್ನ ಗಂಡ ಸಾಯುವ ವಾರವೂ ಅವನ ಕೈಯಲ್ಲಿ ರಿವೆಟ್ ಆರಿಸಿದವಳು ನಾನು. ಎರಡು ಕಣ್ಣೂ ನೆಟ್ಟಗಿರುವ ನಾನು ಹೊಳಪು ನೋಡಿ ಗಂಜಿ ಕೊಂಡೆ. ನೀನು ಇಷ್ಟು ವರ್ಷದಲ್ಲಿ ಕೊಳೆತ ನೆಲ ಒಂದನ್ನೂ ಕಳಿಸಿಲ್ಲ. ಬಣ್ಣ ಕೀಳಬಹುದು. ಹೆಂಗಸನ್ನು ಅಳಿಸಬಹುದು, ಇಲ್ಲದಿದ್ದರೆ ಹೆಚ್ಚು ಬೆಲೆಗೆ ಮಾರಬಹುದು. ನೆಲ ಕೊಳೆತರೆ ಗಾಡಿ ಹೋಯಿತು. ಇದರಲ್ಲಿ ಕನಿಕರ ಎಲ್ಲಿ ಬಂತು, ಕತ್ತೆ? ಲೆಕ್ಕ ಇದು.

ಇನ್ನು ಮುಂದೆ ಹೀಗೆ. ಗಾಡಿಯ ಹೊರಗಿನದು ಲುವೆಲ್ಲಾಳ ಪಾಲು, ಒಳಗಿನದು ನಿನ್ನದು. ಲುವೆಲ್ಲಾ, ಗಾಡಿಯ ಮೇಲೆ ಏನು ಬರೆದಿದ್ದರೂ, ಯಾರು ಕೂತಿದ್ದರೂ, ಮೈಮೇಲೆ ಬಟ್ಟೆ ಎಷ್ಟಿದ್ದರೂ ಬಾಯಿ ಬಿಟ್ಟು ಹೇಳಬೇಕು. ನಾಚಿಕೆ ಭಾನುವಾರಕ್ಕೆ ಇಟ್ಟುಕೋ. ವಯೋಮಿಂಗಿನ ಮುದುಕಿಗೆ ಗಾಡಿ ಬೇಕು ಎಂದು ಇವತ್ತೇ ಹೇಳಿ ಕಳಿಸಿ. ಇಲ್ಲಿ ಇಬ್ಬರು ಗಿರಾಕಿಗಳು ಕಾಯುತ್ತಿದ್ದಾರೆ.

ಕೋಲಿನ ವಿಷಯ. ಹೌದು, ಕೋಲು. ಡಿಸೆಂಬರಿನಲ್ಲಿ ಶೆಡ್ಡಿನ ಮುಂದೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಸೊಂಟದ ಮೂಳೆಗೆ ಕಬ್ಬಿಣ ಹಾಕಿ ಹೊಲಿದಿದ್ದಾರೆ. ಡಾಕ್ಟರ ರಿವೆಟ್ ಕೆಲಸ ಪರವಾಗಿಲ್ಲ, ನಾನಾಗಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತಿದ್ದೆ. ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಒಳ್ಳೆಯ ಗಾಡಿಗಳನ್ನು ಬಿಟ್ಟು ಹಗುರ ಕೆಲಸದ ಗಾಡಿ ಹುಡುಕುತ್ತೀಯ. ಆ ನಿನ್ನ ಬುದ್ಧಿಯೂ ನನಗೆ ಗೊತ್ತು.

ಜೂನಿನಲ್ಲಿ ನಡುಬೇಸಿಗೆಯ ಹಬ್ಬಕ್ಕೆ ಇಬ್ಬರೂ ಬನ್ನಿ. ಆಗ ಇಲ್ಲಿ ಕತ್ತಲೇ ಆಗುವುದಿಲ್ಲ, ನಿನ್ನ ಆ ಅಂಚಿನ ಕಣ್ಣಿಗೂ ಏನಾದರೂ ಸಿಗುತ್ತದೆ. ಹೆರಿಂಗ್ ಮೀನು, ಹೊಸ ಆಲೂಗಡ್ಡೆ, ಏಲಕ್ಕಿ ಬನ್ನು ಎಲ್ಲ ಇರುತ್ತದೆ. ಹಾಲೆಂಡಿನವನ ಗಾಡಿಯಲ್ಲಿ ಮಲಗಬಹುದು, ಈಗ ವಾಸನೆ ಇಲ್ಲ. ಪಾದ್ರಿಯ ಮುಂದೆ ಲುವೆಲ್ಲಾ ಯಾರು ಅಂತ ನಾನೇ ಹೇಳುತ್ತೇನೆ, ನೀವಿಬ್ಬರೂ ತೊದಲುವುದು ಬೇಡ.

ಬರ್ಚ್ ಮರದ ಒಳ್ಳೆ ಕೊಂಬೆ ಸಿಕ್ಕಿತು, ನಿನಗೂ ಒಂದು ಕೋಲು ಕೆತ್ತಿಟ್ಟಿದ್ದೇನೆ. ನೀನು ಅಮೆರಿಕಕ್ಕೆ ಹಡಗು ಹತ್ತಿದ ದಿನದ ಎತ್ತರಕ್ಕೆ ಮಾಡಿದೆ, ಅದೇ ನನಗೆ ಗೊತ್ತಿರುವ ಅಳತೆ. ಕುಗ್ಗಿದ್ದರೆ ಕೊಯ್ದು ಕೊಡುತ್ತೇನೆ. ಬಂದು ನಿಂತುಕೋ, ಅಳೆಯಬೇಕು.

ಗುನ್ವೋರ್